ಹಣ್ಣಾದ ಬಾಳೆ, ಹಣ್ಣಾದ ಹುಳು

ಕಪಿಲೆ ನಂಜನಗೂಡನ್ನು ದಾಟಿ, ಸುತ್ತೂರಿನ ದಡವನ್ನು ಸವರಿಕೊಂಡು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಹೊಳೆಯ ಜೊತೆಯಲ್ಲಿ ನಡೆದರೆ ಈ ಎರಡು ಊರುಗಳ ನಡುವಣ ದಾರಿ ಅಷ್ಟೇನೂ ದೂರದ್ದಲ್ಲ. ಆದರೆ ನಾಡಿನಲ್ಲಿ ಇವುಗಳ ಹೆಸರು ಬೇರೆ ಬೇರೆ ಕಾರಣಗಳಿಂದ ಹಬ್ಬಿದೆ. ನಂಜನಗೂಡು ಎಂದೊಡನೆ, ಶ್ರೀಕಂಠೇಶ್ವರನ ಗುಡಿಯ ತರುವಾಯ, ರಸಬಾಳೆಯ ನೆನಪು ಬರುತ್ತದೆ. ಹಲ್ಲುಪುಡಿಯನ್ನು ನೆನೆಯುವ ಹಿರಿಯರೂ ಉಂಟು. ನರಸೀಪುರ ಎಂದರೆ, ಸಂಗಮದ ತರುವಾಯ, ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ. ಮೈಸೂರಿನಲ್ಲಿ ನೇಯುವ ಸೀರೆಗಳಿಗೆ ನೂಲು ಹೋಗುವುದು ಅಲ್ಲಿಂದ.

ಹಣ್ಣಿಗೂ ನೂಲಿಗೂ ಏನು ಸಂಬಂಧ ಎಂದು ಶ್ರೋತೃಗಳು ಕೇಳಬಹುದು. ನಮ್ಮ ರೈತರ ಮಾತಿನಲ್ಲಿ ಒಂದು ಸಂಬಂಧ ಆಗಲೇ ಇದೆ. ಬಾಳೆಯ ಗೊನೆ 'ಹಣ್ಣಾಯಿತು' ಎನ್ನುತ್ತಾರೆ. ಹಾಗೆಯೇ, ಹಿಪ್ಪುನೇರಳೆ ಸೊಪ್ಪನ್ನು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಗೂಡು ಕಟ್ಟಲು ಎಡೆ ಹುಡುಕುವ ರೇಷ್ಮೆ ಹುಳುವನ್ನೂ 'ಹಣ್ಣಾಯಿತು' ಎಂದೇ ಹೇಳುತ್ತಾರೆ. ಮಾತು ಒಂದೇ, ಆಗುವ ಕೆಲಸ ಮಾತ್ರ ತದ್ವಿರುದ್ಧ. ಬಾಳೆ ಹಣ್ಣಾದಾಗ ಗಟ್ಟಿಯಾಗಿದ್ದುದು ಮೆತ್ತಗಾಗುತ್ತದೆ. ಹುಳು ಹಣ್ಣಾದಾಗ ಅದರ ಹೊಟ್ಟೆಯಲ್ಲಿ ಜೇನಿನಂತೆ ಮಂದವಾಗಿದ್ದ ರಸ ಉಕ್ಕಿಗೆ ಸಾಟಿಯಾದ ಎಳೆಯಾಗುತ್ತದೆ. ಒಂದರಲ್ಲಿ ಸರಪಣಿಗಳು ಕಡಿದುಹೋಗುತ್ತವೆ. ಇನ್ನೊಂದರಲ್ಲಿ ಸರಪಣಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಈ ಸರಪಣಿಗಳ ವಿಷಯವೇ ಈ ಹೊತ್ತಿನ ನನ್ನ ಮಾತು.

ನೀರು, ಸಕ್ಕರೆ ಮೊದಲಾದವುಗಳ ಅಣುಗಳು ಚಿಕ್ಕವು. ಕೆಲವೇ ಪರಮಾಣುಗಳು ಕೂಡಿದರೆ ಸಕ್ಕರೆಯ ಒಂದು ಅಣು ಮುಗಿಯಿತು. ಆದರೆ ಅಕ್ಕಿಯ ಹಿಟ್ಟು, ಹತ್ತಿಯ ನೂಲು, ರಬ್ಬರು, ಉಗುರು, ಕೂದಲು, ರೇಷ್ಮೆ ಇವುಗಳಲ್ಲಿ ಚಿಕ್ಕ ಅಣುಗಳು ಸಾವಿರಗಟ್ಟಲೆ ಸಾಲಾಗಿ ಕೈಹಿಡಿದು ನಿಂತಿರುತ್ತವೆ. ಇಂಥ ಉದ್ದನೆಯ ಅಣುವಿಗೆ ಪಾಲಿಮರ್ ಎಂದು ಹೆಸರು. ಕನ್ನಡದಲ್ಲಿ ಬೃಹದಣು ಎನ್ನೋಣ. ಇದು ಇಂದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಆದರೆ ೧೯೨೦ರಲ್ಲಿ ಜರ್ಮನಿಯ ಹೆರ್ಮನ್ ಸ್ಟೌಡಿಂಗರ್ ಇದನ್ನು ಹೇಳಿದಾಗ ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರೇ ನಂಬಲಿಲ್ಲ. ಅಷ್ಟು ಉದ್ದದ ಅಣು ಇರಲಾರದು, ಚಿಕ್ಕ ಅಣುಗಳೇ ಗುಂಪುಗೂಡಿ ಹಾಗೆ ತೋರುತ್ತವೆ ಎಂದು ವಾದಿಸಿದರು. ಸ್ಟೌಡಿಂಗರನಿಗೆ ನೊಬೆಲ್ ಪಾರಿತೋಷಕ ಬಂದದ್ದು ೧೯೫೩ರಲ್ಲಿ, ಮೂವತ್ತಮೂರು ವರ್ಷ ಕಾದ ಮೇಲೆ.

ಸರಪಣಿ ಯಾವ ಕೊಂಡಿಯಿಂದ ಆಗಿದೆ ಎಂಬುದಷ್ಟೇ ಅಲ್ಲ, ಕೊಂಡಿಯನ್ನು ಹೇಗೆ ಸಿಕ್ಕಿಸಿದೆ ಎಂಬುದೂ ಮುಖ್ಯ. ಇದಕ್ಕೆ ಬಾಳೆಯ ಗಿಡಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಬಾಳೆಯ ದಿಂಡಿನ ಪಟ್ಟೆಯಿಂದ ತೆಗೆದ ನಾರಿನಲ್ಲಿ ಹೂ ಕಟ್ಟುತ್ತೇವೆ. ಹೂವಿನೊಂದಿಗೆ ನಾರೂ ಸ್ವರ್ಗ ಸೇರಿತು ಎಂಬ ಗಾದೆಯ ನಾರು ಅದು. ಅದೇ ಗಿಡದ ಕಾಯಿಯನ್ನು ಪಲ್ಯ ಮಾಡಿ ಉಣ್ಣುತ್ತೇವೆ. ನಾರಿನ ಬಲವೆಲ್ಲ ಸೆಲ್ಯುಲೋಸ್ ಎಂಬ ಬೃಹದಣುವಿನದು. ಕಾಯಿಯಲ್ಲಿ ತುಂಬಿರುವುದು ಪಿಷ್ಟ. ಎರಡರ ಕೊಂಡಿಯೂ ಒಂದೇ ಗ್ಲೂಕೋಸು! ಪಿಷ್ಟದಲ್ಲಿ ಕೊಂಡಿಗಳು ಒಂದೇ ಮಗ್ಗುಲಿಗೆ ಸಿಕ್ಕಿಕೊಂಡು ಸರಪಣಿ ಸುರುಳಿಯಾಗುತ್ತದೆ. ನೀರು ಸುಲಭವಾಗಿ ಒಳಹೊಗುತ್ತದೆ. ನಮ್ಮ ಜೊಲ್ಲಿನ ರಸ ಅದನ್ನು ಕತ್ತರಿಸುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಕೊಂಡಿ ಮೇಲು, ಒಂದು ಕೊಂಡಿ ಕೆಳಗು, ಹೀಗೆ ಸಿಕ್ಕಿ ಸರಪಣಿ ನೆಟ್ಟಗೆ ಚಾಚಿಕೊಳ್ಳುತ್ತದೆ. ನೆಟ್ಟಗಿರುವ ಸರಪಣಿಗಳು ಒತ್ತಾಗಿ ಅಂಟಿ ನಿಲ್ಲುತ್ತವೆ. ನಮ್ಮ ಹೊಟ್ಟೆಗೆ ಅದನ್ನು ಬಿಡಿಸುವ ಶಕ್ತಿಯಿಲ್ಲ. ನಾವು ಅನ್ನವನ್ನು ಉಂಡು ಪಂಚೆಯನ್ನು ಉಡುತ್ತೇವೆ. ಎರಡೂ ಗ್ಲೂಕೋಸೇ ಎಂಬ ಕಾರಣಕ್ಕೆ ಯಾರೂ ಪಂಚೆಯನ್ನು ಬೇಯಿಸಿ ಬಡಿಸಿದ್ದಿಲ್ಲ.

ಇನ್ನು ಹಣ್ಣಾಗುವ ವಿಷಯ. ಬಲಿತ ಬಾಳೆಕಾಯಿಯ ತಿರುಳಿನ ತೂಕದಲ್ಲಿ ನೂರಕ್ಕೆ ೨೦ರಷ್ಟು ಪಿಷ್ಟವಿರುತ್ತದೆ. ಹಣ್ಣಾದ ಮೇಲೆ ನೋಡಿದರೆ ಒಂದೆರಡು ಪಾಲು ಉಳಿದಿದ್ದರೆ ಹೆಚ್ಚು, ಮಿಕ್ಕುದೆಲ್ಲ ಸಕ್ಕರೆ. ಎಥಿಲೀನ್ ಎಂಬ ಅನಿಲ ಈ ಕೆಲಸಕ್ಕೆ ಸನ್ನೆ ಕೊಡುತ್ತದೆ. ಹಣ್ಣೇ ಅದನ್ನು ಹೊರಸೂಸುವುದರಿಂದ ಒಂದು ಹಣ್ಣಾದರೆ ಪಕ್ಕದ ಚಿಪ್ಪೂ ಹಣ್ಣಾಗುತ್ತದೆ. ಹಿಂದಿನವರು ಗೊನೆಯನ್ನು ಮುಚ್ಚಿಟ್ಟು ಹೊಗೆ ಹಾಕುತ್ತಿದ್ದುದೂ ಇದಕ್ಕೇ. ಹೊಗೆಯಲ್ಲಿ ಎಥಿಲೀನ್ ಉಂಟು. ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಸಿಹಿಯಾಗುವುದು ಒಂದು, ಮೆತ್ತಗಾಗುವುದು ಇನ್ನೊಂದು. ಹಣ್ಣಿನ ಜೀವಕೋಶಗಳು ಗೋಡೆಯ ಇಟ್ಟಿಗೆಗಳಂತೆ ಒತ್ತಾಗಿವೆ. ಇಟ್ಟಿಗೆಗಳ ನಡುವಣ ಗಾರೆ ಪೆಕ್ಟಿನ್ ಎಂಬ ಮತ್ತೊಂದು ಬೃಹದಣು. ಕಾಯಿಯಲ್ಲಿ ಪೆಕ್ಟಿನ್ ಸರಪಣಿಗಳು ಸುಣ್ಣದ ಅಂಶದಿಂದ ಒಂದಕ್ಕೊಂದು ಕಟ್ಟುಬಿದ್ದಿರುತ್ತವೆ. ಹಣ್ಣಾಗುವಾಗ ಕಿಣ್ವಗಳು ಬಂದು ಈ ಸರಪಣಿಗಳನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಗಾರೆ ಸಡಿಲವಾಯಿತೆಂದರೆ ನಾಲಗೆಯ ಒತ್ತಿಗೇ ಗೋಡೆ ಕುಸಿಯುತ್ತದೆ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ೧೯೫೦ರಿಂದ ನಡೆದುಬಂದಿರುವ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ಬಾಳೆ, ಮಾವು ಮೊದಲಾದ ಹಣ್ಣುಗಳಲ್ಲಿ ಯಾವ ಕಿಣ್ವ ಯಾವ ಸರಪಣಿಯನ್ನು ಕಡಿಯುತ್ತದೆ ಎಂಬುದನ್ನು ಬಹುಕಾಲ ಅಭ್ಯಾಸ ಮಾಡಿದ್ದಾರೆ. ಹಣ್ಣು ಪೇಟೆಗೆ ಹೋಗುವ ಮೊದಲೇ ಕೊಳೆತರೆ ನಷ್ಟ ರೈತನದು. ಆದುದರಿಂದ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ಪೂರ್ತಿ ಗಟ್ಟಿಯೂ ಅಲ್ಲದ, ಪೂರ್ತಿ ದ್ರವವೂ ಅಲ್ಲದ ಇಂಥ ವಸ್ತುಗಳಿಗೆ ವಿಜ್ಞಾನಿಗಳು ಮೃದುದ್ರವ್ಯ ಎಂದು ಹೆಸರಿಟ್ಟಿದ್ದಾರೆ. ಅಡುಗೆಮನೆಯಲ್ಲಿ ಇದಕ್ಕೆ ಬರವಿಲ್ಲ. ಮೊಸರು, ಗಂಜಿ, ಹಾಲುಬಾಯಿ, ನಾದಿದ ಹಿಟ್ಟು, ಎಲ್ಲವೂ ಮೃದುದ್ರವ್ಯವೇ. ಹಾಲುಬಾಯಿಯನ್ನು ತಟ್ಟೆಗೆ ಸುರಿಯುವ ಹದ ಯಾವುದೆಂದು ಬಲ್ಲ ಗೃಹಿಣಿ ಪಿಷ್ಟದ ಸರಪಣಿಗಳು ಬಲೆಯಾಗುವ ಗಳಿಗೆಯನ್ನು ಕೈಯಳತೆಯಲ್ಲಿ ಹಿಡಿದಿದ್ದಾಳೆ.

ರಸಬಾಳೆಗೆ ಒದಗಿದ ಆಪತ್ತಿನಲ್ಲಿಯೂ ಈ ಮೃದುದ್ರವ್ಯದ ಪಾತ್ರವುಂಟು. ಪನಾಮಾ ರೋಗವೆಂಬ ಸೊರಗುರೋಗದ ಬೂಷ್ಟು ಮಣ್ಣಿನಿಂದ ಬೇರಿನ ಮೂಲಕ ಗಿಡದೊಳಕ್ಕೆ ಹತ್ತುತ್ತದೆ. ಅದು ಮೇಲೇರದಂತೆ ತಡೆಯಲು ಗಿಡ ತನ್ನ ನೀರಿನ ನಾಳಗಳಲ್ಲಿ ಅಂಟಿನಂಥ ಲೋಳೆಯನ್ನು ತುಂಬಿಕೊಳ್ಳುತ್ತದೆ. ಶತ್ರುವನ್ನು ತಡೆಯಲು ಬಾಗಿಲಿಗೆ ಕಲ್ಲು ಪೇರಿಸಿದಂತೆ. ಕೊನೆಗೆ ಮನೆಯವರಿಗೇ ನೀರಿಲ್ಲ. ಎಲೆಗಳು ಹಳದಿಯಾಗಿ ಜೋತುಬೀಳುತ್ತವೆ. ಆ ಬೂಷ್ಟು ಹತ್ತಾರು ವರ್ಷ ಮಣ್ಣಿನಲ್ಲಿ ಕಾದು ಕೂರಬಲ್ಲುದು. ದೇವರಸನಹಳ್ಳಿಯ ಸುತ್ತುಮುತ್ತ ಹೆಸರುವಾಸಿಯಾಗಿದ್ದ ಬೆಳೆ ಹೀಗೆ ತೀರ ಕುಗ್ಗಿಹೋಯಿತು. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯುವ ಹೊತ್ತಿಗೆ ತೋಟಗಳೇ ವಿರಳವಾಗಿದ್ದವು. ಅಂಗಡಿಯಲ್ಲಿ ರಸಬಾಳೆ ಎಂದು ಕೊಟ್ಟದ್ದೆಲ್ಲ ನಂಜನಗೂಡಿನದೇ ಎಂದು ತಿಳಿಯಬೇಕಾಗಿಲ್ಲ. ಈಗ ಅಂಗಾಂಶ ಕೃಷಿಯಿಂದ ರೋಗವಿಲ್ಲದ ಸಸಿಗಳನ್ನು ಬೆಳೆಸಿ ತಳಿಯನ್ನು ಉಳಿಸುವ ಯತ್ನ ನಡೆದಿದೆ. ಸಸಿ ಶುದ್ಧವಾಗಿದ್ದರೂ ಮಣ್ಣು ಶುದ್ಧವಾಗಿರಬೇಕಲ್ಲ, ಅಲ್ಲಿದೆ ತೊಡಕು.

ಒಂದು ಸೋಜಿಗವನ್ನು ಹೇಳಿ ಮುಂದೆ ಹೋಗುತ್ತೇನೆ. ಸಸ್ಯಶಾಸ್ತ್ರಜ್ಞರು ಬಾಳೆಯ ಜಾತಿಗಳನ್ನು ಪಂಗಡಗಳಾಗಿ ವಿಂಗಡಿಸುವಾಗ ರಸಬಾಳೆಯನ್ನು ಸೇರಿಸಿರುವ ಪಂಗಡದ ಹೆಸರು 'ಸಿಲ್ಕ್'. ನಮ್ಮ ಹೊಳೆ ನಂಜನಗೂಡಿನಿಂದ ನರಸೀಪುರಕ್ಕೆ ಹರಿಯುವುದು ಅವರಿಗೆ ಗೊತ್ತಿತ್ತೋ ಏನೋ!

ಈಗ ಹುಳುವಿನ ಹತ್ತಿರ ಬರೋಣ. ಮೊಟ್ಟೆಯೊಡೆದು ಬಂದ ಹುಳು ಸುಮಾರು ೨೫ ದಿನಗಳಲ್ಲಿ, ನಾಲ್ಕು ಜ್ವರಗಳನ್ನು ದಾಟಿ, ಹುಟ್ಟಿದಾಗಿನ ತೂಕದ ಹತ್ತು ಸಾವಿರದಷ್ಟಾಗುತ್ತದೆ. ಕಡೆಯ ವಾರದಲ್ಲಿ ಅದು ತಿಂದ ಸೊಪ್ಪಿನ ಒಂದು ಪಾಲು ಎರಡು ಉದ್ದನೆಯ ಗ್ರಂಥಿಗಳಲ್ಲಿ ರೇಷ್ಮೆಯ ರಸವಾಗಿ ಕೂಡುತ್ತದೆ. ಹಣ್ಣಾದ ಹುಳುವಿನ ಮೈ ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುತ್ತದೆ. ಆಗ ಮನೆಮಂದಿಯೆಲ್ಲ ಕೂತು ಹಣ್ಣುಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಾರೆ. ಅಲ್ಲಿ ಹುಳು ಎರಡು ಮೂರು ದಿನ, ತಲೆಯನ್ನು ಇಂಗ್ಲಿಷಿನ ಎಂಟರ ಅಂಕೆಯಂತೆ ಆಡಿಸುತ್ತ, ಎಳೆಯನ್ನು ಸುತ್ತಿಕೊಳ್ಳುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಒಂದೇ ಎಳೆ ಸಾವಿರ ಮೀಟರನ್ನೂ ಮೀರುವುದುಂಟು. ನಮ್ಮ ಹಳೆಯ ಶುದ್ಧ ಮೈಸೂರು ತಳಿಯ ಹಸುರು ಹಳದಿ ಗೂಡಿನಲ್ಲಿ ಎಳೆ ಇದಕ್ಕಿಂತ ಬಹಳ ಗಿಡ್ಡ. ಆದರೆ ಆ ಹುಳು ನಮ್ಮ ಬಿಸಿಲನ್ನೂ ರೋಗವನ್ನೂ ತಾಳಿಕೊಳ್ಳುವ ಗಟ್ಟಿಗ.

ಗ್ರಂಥಿಯಲ್ಲಿರುವುದು ಫೈಬ್ರೋಯಿನ್ ಎಂಬ ಪ್ರೋಟೀನು. ನೀರಿನಲ್ಲಿ ಕರಗಿ, ಮುಕ್ಕಾಲು ನೀರು ಕಾಲು ಪ್ರೋಟೀನು ಎಂಬ ಹದದಲ್ಲಿದೆ. ಅದೇ ವಸ್ತು ಹುಳುವಿನ ಬಾಯಿಂದ ಹೊರಬಿದ್ದ ಮೇಲೆ ನೀರಿನಲ್ಲಿ ಕರಗುವುದೇ ಇಲ್ಲ. ಸೀರೆಯನ್ನು ಎಷ್ಟು ನೆನೆಸಿದರೂ ಅದು ಮತ್ತೆ ರಸವಾಗುವುದಿಲ್ಲ. ನಡುವೆ ಏನಾಯಿತು?

ಗ್ರಂಥಿಯ ನಾಳ ಬಾಯಿಯ ಕಡೆಗೆ ಬರಬರುತ್ತ ಕಿರಿದಾಗುತ್ತದೆ. ದಾರಿಯಲ್ಲಿ ನೀರು ಕಡಮೆಯಾಗುತ್ತದೆ. ಕ್ಷಾರದ ಕಡೆಗಿದ್ದ ರಸ ತುಸು ಆಮ್ಲದ ಕಡೆಗೆ ತಿರುಗುತ್ತದೆ. ಹುಳು ತಲೆಯಾಡಿಸಿ ಎಳೆಯನ್ನು ಎಳೆಯುವಾಗ ಸರಪಣಿಗಳು ನೆಟ್ಟಗಾಗುತ್ತವೆ. ನೆಟ್ಟಗಾದ ಸರಪಣಿಗಳು ಅಕ್ಕಪಕ್ಕದಲ್ಲಿ ಸಾಲುಗೂಡಿ ಜಲಜನಕ ಬಂಧಗಳಿಂದ ಬೆಸೆದುಕೊಂಡು ಮಡಿಕೆಯ ಹಾಳೆಗಳಾಗುತ್ತವೆ. ಅಷ್ಟೇ. ಬೆಂಕಿಯಿಲ್ಲ, ಒತ್ತಡದ ಯಂತ್ರವಿಲ್ಲ. ಇದೇ ಬಗೆಯ ಬಂಧವಿರುವ ನೈಲಾನನ್ನು ಅಮೆರಿಕದ ಕೆರೋದರ್ಸ್ ೧೯೩೫ರಲ್ಲಿ ರೇಷ್ಮೆಗೆ ಬದಲಿಯಾಗಿ ತಯಾರಿಸಿದ. ಅದನ್ನು ಎಳೆ ಮಾಡಬೇಕಾದರೆ ೨೬೦ ಡಿಗ್ರಿಗೂ ಮಿಕ್ಕು ಕಾಯಿಸಿ ಕರಗಿಸಬೇಕು. ನಮ್ಮ ಹುಳು ಆ ಕೆಲಸವನ್ನು ಹಜಾರದ ತಂಪಿನಲ್ಲಿ ಮಾಡುತ್ತದೆ. ಆಮ್ಲದ ಮಹಿಮೆಯನ್ನು ಸ್ಪೇನಿನ ಮುರ್ಸಿಯ ಪ್ರಾಂತದ ಜನ ಹಿಂದೆಯೇ ಕಂಡುಕೊಂಡಿದ್ದರು. ಅವರು ಹಣ್ಣುಹುಳುವನ್ನು ಹುಳಿನೀರಿನಲ್ಲಿ ಅದ್ದಿಟ್ಟು, ಗ್ರಂಥಿಯನ್ನು ತೆಗೆದು, ಕೈಯಿಂದ ಎಳೆದು, ಗಾಳದ ದಾರ ಮಾಡಿ ಮಾರುತ್ತಿದ್ದರು.

ರಸ ಎಳೆಯಾಗುವ ಹಾದಿಯಲ್ಲಿ ಒಂದು ನಡುಹಂತವಿದೆ. ಅಲ್ಲಿ ಅದು ಹರಿಯುತ್ತದೆ, ಆದರೆ ಅಣುಗಳು ಶಿಸ್ತಾಗಿ ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ. ಇಂಥ ಸ್ಥಿತಿಗೆ ದ್ರವಸ್ಫಟಿಕವೆಂದು ಹೆಸರು. ಗ್ರಂಥಿಯ ರಸದಲ್ಲಿ ಈ ಸ್ಥಿತಿ ಉಂಟೆಂಬುದು ೧೯೯೧ರಲ್ಲಿ ಪ್ರಕಟವಾಯಿತು. ದ್ರವಸ್ಫಟಿಕದ ವಿದ್ಯೆಯಾದರೋ ಮೈಸೂರಿಗೆ ಹೊಸದಲ್ಲ. ಎಸ್. ಚಂದ್ರಶೇಖರ್ ಅವರು ೧೯೬೧ರಿಂದ ಹತ್ತು ವರ್ಷ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗವನ್ನು ನಡೆಸಿದವರು. ತರುವಾಯ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅವರೂ ಸಹೋದ್ಯೋಗಿಗಳೂ ೧೯೭೭ರಲ್ಲಿ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ಅವರು ೧೯೯೧ರಲ್ಲಿ ಕಟ್ಟಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರವೇ ಇಂದು ನ್ಯಾನೊ ಮತ್ತು ಮೃದುದ್ರವ್ಯ ವಿಜ್ಞಾನಗಳ ಕೇಂದ್ರವಾಗಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದೆ.

ನರಸೀಪುರದ ಸಂಗಮದಲ್ಲಿ ಎರಡು ಹೊಳೆಗಳು ಕಣ್ಣಿಗೆ ಕಾಣುತ್ತವೆ. ಮೂರನೆಯದು ಸ್ಫಟಿಕ ಸರೋವರ, ಗುಪ್ತಗಾಮಿನಿ ಎನ್ನುತ್ತಾರೆ. ರೇಷ್ಮೆಯಲ್ಲಿಯೂ ಕಣ್ಣಿಗೆ ಕಾಣದ ಸ್ಫಟಿಕವಿದೆ. ಫೈಬ್ರೋಯಿನಿನ ದೊಡ್ಡ ಸರಪಣಿಯಲ್ಲಿ ೫೦೦೦ಕ್ಕೂ ಹೆಚ್ಚು ಕೊಂಡಿಗಳು. ಅವುಗಳಲ್ಲಿ ನೂರಕ್ಕೆ ೪೫ರಷ್ಟು ಗ್ಲೈಸೀನ್, ೩೦ರಷ್ಟು ಅಲನೀನ್, ೧೨ರಷ್ಟು ಸೆರೀನ್. ಈ ಸೆರೀನನ್ನು ೧೮೬೫ರಲ್ಲಿ ಮೊದಲು ಪಡೆದದ್ದೇ ರೇಷ್ಮೆಯ ಅಂಟಿನಿಂದ; ಹೆಸರು ಬಂದದ್ದೂ ರೇಷ್ಮೆಯ ಲ್ಯಾಟಿನ್ ಹೆಸರಿನಿಂದ. ಇವೆಲ್ಲ ಗಾತ್ರದಲ್ಲಿ ಚಿಕ್ಕ ಕೊಂಡಿಗಳಾದುದರಿಂದ ಹಾಳೆಗಳು ಒತ್ತಾಗಿ ಒಂದರ ಮೇಲೊಂದು ಕೂರುತ್ತವೆ. ಮಾರ್ಷ್, ಕೋರಿ, ಪೌಲಿಂಗ್ ಎಂಬ ಮೂವರು ೧೯೫೫ರಲ್ಲಿ ಕ್ಷ-ಕಿರಣಗಳಿಂದ ಈ ರಚನೆಯನ್ನು ಬಿಡಿಸಿ ತೋರಿಸಿದರು. ಹಾಳೆಗಳು ಪೇರಿದ ಕಡೆ ಪುಟ್ಟ ಸ್ಫಟಿಕ. ಮಿಕ್ಕ ಕಡೆ ಸಡಿಲವಾದ, ಸಿಕ್ಕುಸಿಕ್ಕಾದ ಸರಪಣಿ. ಸ್ಫಟಿಕ ಬಲವನ್ನು ಕೊಡುತ್ತದೆ, ಸಿಕ್ಕು ಹಿಗ್ಗನ್ನು ಕೊಡುತ್ತದೆ. ರೇಷ್ಮೆಯ ಎಳೆ ಹರಿಯುವ ಮೊದಲು ತನ್ನ ಉದ್ದದ ನೂರಕ್ಕೆ ಹದಿನೈದು ಇಪ್ಪತ್ತರಷ್ಟು ಹಿಗ್ಗುತ್ತದೆ. ತೂಕಕ್ಕೆ ತೂಕವಿಟ್ಟು ನೋಡಿದರೆ ಸಾಮಾನ್ಯ ಉಕ್ಕಿನ ತಂತಿ ಅದರ ಮುಂದೆ ಸೋಲುತ್ತದೆ.

ಆ ಸ್ಫಟಿಕಗಳ ಅಳತೆ ಕೆಲವು ನ್ಯಾನೊಮೀಟರು. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ನ್ಯಾನೊಮೀಟರು. ಮಾನಸಗಂಗೋತ್ರಿಯ ಭೌತಶಾಸ್ತ್ರ ವಿಭಾಗದಲ್ಲಿ ಆರ್. ಸೋಮಶೇಖರ್ ಅವರೂ ಸಂಗಡಿಗರೂ ೧೯೯೦ರ ದಶಕದಿಂದ ಬೇರೆ ಬೇರೆ ತಳಿಗಳ ಮೈಸೂರು ಸೀಮೆಯ ರೇಷ್ಮೆಯನ್ನು ಕ್ಷ-ಕಿರಣಕ್ಕೆ ಒಡ್ಡಿ, ಸ್ಫಟಿಕದ ಗಾತ್ರವನ್ನೂ ಅದರೊಳಗಣ ಓರೆಕೋರೆಗಳನ್ನೂ ಲೆಕ್ಕಹಾಕಿದ್ದಾರೆ. ಹುಳುವಿನ ತಳಿ ಬೇರೆಯಾದರೆ ಸ್ಫಟಿಕವೂ ತುಸು ಬೇರೆ. ಸ್ಫಟಿಕ ದೊಡ್ಡದಾದರೆ ಬಲ ಹೆಚ್ಚಬೇಕಲ್ಲವೆ ಎಂದು ನಮಗೆ ತೋರುತ್ತದೆ. ಹಾಗಲ್ಲ. ೨೦೧೦ರಲ್ಲಿ ಅಮೆರಿಕದ ಎಂ.ಐ.ಟಿ.ಯ ಕೆಟೆನ್, ಬ್ಯೂಲರ್ ಮೊದಲಾದವರು ಗಣಕಯಂತ್ರದಲ್ಲಿ ಲೆಕ್ಕಮಾಡಿ, ಎರಡರಿಂದ ನಾಲ್ಕು ನ್ಯಾನೊಮೀಟರಿನ ಸ್ಫಟಿಕವೇ ಗಟ್ಟಿ ಎಂದು ತೋರಿಸಿದರು. ಜಲಜನಕ ಬಂಧ ಒಂದೊಂದಾಗಿ ಬಲು ದುರ್ಬಲ. ಚಿಕ್ಕ ಸ್ಫಟಿಕದಲ್ಲಿ ಅವೆಲ್ಲ ಒಟ್ಟಿಗೆ ಭಾರ ಹೊರುತ್ತವೆ. ದೊಡ್ಡದಾದರೆ ಅದು ಬಾಗಿ, ಅಂಚಿನ ಬಂಧಗಳು ಒಂದಾದ ಮೇಲೊಂದು ಹರಿಯುತ್ತವೆ.

ಎಳೆಯುವ ವೇಗವೂ ಎಣಿಕೆಗೆ ಬರುತ್ತದೆ. ಶಾವೊ ಮತ್ತು ವೊಲ್ರಾತ್ ಎಂಬವರು ೨೦೦೨ರಲ್ಲಿ, ಹುಳುವಿಗೆ ತಲೆಯಾಡಿಸಲು ಬಿಡದೆ ಸಮವೇಗದಲ್ಲಿ ಎಳೆಯನ್ನು ಎಳೆದು ನೋಡಿದರು. ಎಳೆ ಜೇಡನ ಎಳೆಗೆ ಸಮೀಪವಾಗುವಷ್ಟು ಬಲವಾಯಿತು. ಅಂದರೆ ನಾವು ಉಡುವ ರೇಷ್ಮೆಯ ಗುಣ ಸೊಪ್ಪಿನಲ್ಲಿ, ತಳಿಯಲ್ಲಿ ಮಾತ್ರ ಇರುವುದಲ್ಲ. ಹುಳು ಕತ್ತಾಡಿಸುವ ರೀತಿಯಲ್ಲಿಯೂ ಇದೆ.

ಇಷ್ಟು ಹೊತ್ತು ಎಳೆಯ ತಿರುಳಿನ ಮಾತಾಯಿತು. ಅದರ ಮೇಲೆ ಸೆರಿಸಿನ್ ಎಂಬ ಅಂಟಿನ ಲೇಪವಿದೆ. ಗೂಡಿನ ಎಳೆಯ ತೂಕದಲ್ಲಿ ಸುಮಾರು ಕಾಲು ಭಾಗ. ಎರಡು ಗ್ರಂಥಿಗಳಿಂದ ಬಂದ ಎರಡು ಎಳೆಗಳನ್ನು ಜೋಡಿಸುವುದೂ, ಸುತ್ತುಗಳನ್ನು ಅಂಟಿಸಿ ಗೂಡನ್ನು ಗೂಡಾಗಿ ನಿಲ್ಲಿಸುವುದೂ ಇದೇ. ರೈತನ ಲಾಭ ನಷ್ಟ ನಿಂತಿರುವುದು ಬಹುಮಟ್ಟಿಗೆ ಈ ಅಂಟಿನ ಮೇಲೆ. ಚಂದ್ರಿಕೆಗೆ ಬಿಟ್ಟ ಮೂರು ದಿನ ಮಳೆ ಹಿಡಿದು, ಮನೆಯಲ್ಲಿ ಗಾಳಿಯಾಡದೆ, ತೇವ ಹೆಚ್ಚಿತೆಂದು ಇಟ್ಟುಕೊಳ್ಳಿ. ಅಂಟು ನಿಧಾನವಾಗಿ ಒಣಗುತ್ತದೆ. ನಿಧಾನವಾಗಿ ಒಣಗಿದಷ್ಟೂ ಅದರ ಸರಪಣಿಗಳಿಗೆ ಸಾಲುಗೂಡಿ ಹಾಳೆಯಾಗಲು ಬಿಡುವು ದೊರೆಯುತ್ತದೆ. ಹಾಗೆ ಬೆಸೆದ ಅಂಟು ಬಿಸಿನೀರಿನಲ್ಲಿ ಸರಿಯಾಗಿ ಬಿಡುವುದಿಲ್ಲ. ನೂಲು ಬಿಚ್ಚುವಾಗ ಎಳೆ ಮತ್ತೆ ಮತ್ತೆ ತುಂಡಾಗುತ್ತದೆ. ಗೂಡು ನೋಡಲು ಚೆನ್ನಾಗಿಯೇ ಇರಬಹುದು. ಆದರೆ ಮಾರುಕಟ್ಟೆಯಲ್ಲಿ ಗೂಡನ್ನು ಬೆರಳಿನಲ್ಲಿ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ ನೋಡುವ ರೀಲರ್ ಒಂದೇ ಗಳಿಗೆಯಲ್ಲಿ ದರ ಇಳಿಸಿಬಿಡುತ್ತಾನೆ. ತಿಂಗಳಿನ ದುಡಿಮೆ ಮೂರು ದಿನದ ತೇವದಿಂದ ಕೆಟ್ಟಿತು. ಹುಳು ಸಾಕುವ ಮನೆಯಲ್ಲಿ ಸೊಪ್ಪಿಗೆ, ಔಷಧಿಗೆ ಖರ್ಚು ಮಾಡುವವರು ಚಂದ್ರಿಕೆಯ ಜಾಗದಲ್ಲಿ ಒಂದು ಕಿಟಕಿ ಹೆಚ್ಚಿಗೆ ಇಡಲು ಹಿಂಜರಿಯುವುದನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ೧೯೬೧ರಲ್ಲಿ ಸ್ಥಾಪನೆಯಾದ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ೧೯೯೦ರ ದಶಕದಲ್ಲಿ ಜಪಾನಿನ ನೆರವಿನಿಂದ ಒಳ್ಳೆಯ ದ್ವಿತಳಿಗಳನ್ನು ಹೊರತಂದಿತು. ತಳಿ ಎಷ್ಟು ಒಳ್ಳೆಯದಾದರೂ ಅಂಟು ಒಣಗಬೇಕಾದದ್ದು ನಮ್ಮ ಮನೆಯ ಗಾಳಿಯಲ್ಲೇ.

ನೂಲು ಬಿಚ್ಚುವ ಕಡೆ ಇದೇ ಅಂಟನ್ನು ಎಷ್ಟು ಬೇಕೋ ಅಷ್ಟೇ ಮೆತ್ತಗೆ ಮಾಡಬೇಕು. ಗೂಡು ಕಡಮೆ ಬೆಂದರೆ ಎಳೆ ತುಂಡಾಗುತ್ತದೆ. ಹೆಚ್ಚು ಬೆಂದರೆ ಗೂಡು ಮುದ್ದೆಯಾಗಿ ಎಳೆಗಳು ಗೊಂಚಲಾಗಿ ಏಳುತ್ತವೆ. ನೀರು ಗಡುಸಾದರೆ ಹದ ಬೇರೆ, ಮೆದುವಾದರೆ ಹದ ಬೇರೆ. ಏಳೆಂಟು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲು ಮಾಡುತ್ತಾರೆ. ಅದರ ೯೦೦೦ ಮೀಟರು ತೂಗಿದರೆ ೨೦-೨೨ ಗ್ರಾಂ. ಒಂದು ಗೂಡಿನ ಎಳೆ ಮುಗಿಯುತ್ತ ಬಂದಂತೆ ಸಣ್ಣಗಾಗುತ್ತದೆ. ಅದು ಮುಗಿಯುವ ಮೊದಲೇ ಹೊಸ ಎಳೆಯನ್ನು ಸೇರಿಸದಿದ್ದರೆ ನೂಲಿನಲ್ಲಿ ತೆಳುವು ಬೀಳುತ್ತದೆ. ಒಂದು ಕಿಲೋ ನೂಲಿಗೆ ಒಳ್ಳೆಯ ದ್ವಿತಳಿ ಗೂಡು ಆರೇಳು ಕಿಲೋ ಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಯಂತ್ರ ಬಂದು ಕೈಯ ಕೆಲಸ ಹಗುರವಾಗಿದೆ. ಚರಕದಲ್ಲಿ ಬಿಚ್ಚುವವರು ಮಾತ್ರ ದಿನವೆಲ್ಲ ಕುದಿನೀರಿನ ಬಾನಿಗೆ ಬೆರಳಿಟ್ಟು ಎಳೆಯ ತುದಿ ಹುಡುಕಬೇಕು. ಬೆರಳ ಸಂದುಗಳಲ್ಲಿ ಚರ್ಮ ಬಿಳಿಚಿ, ಬಿರಿದು, ಹುಣ್ಣಾಗುವುದು ಅವರ ಕಸುಬಿನ ರೋಗ. ಅವರಲ್ಲಿ ಹೆಣ್ಣುಮಕ್ಕಳೇ ಬಹಳ. ಆ ಬೆರಳುಗಳಿಗೆ ಅಂಟಿನ ಹದ ಗೊತ್ತು. ಅದಕ್ಕೆ ಅವು ತೆರುವ ಬೆಲೆಯೂ ಸಣ್ಣದಲ್ಲ. ಗೂಡನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ನೂಲು ಬಿಚ್ಚುವ ಸಲಕರಣೆಗಳು ಬಂದಿವೆ. ನ್ಯಾನೊಮೀಟರಿನ ಅಳತೆಗೆ ಕೊಡುವ ಗಮನದಲ್ಲಿ ಒಂದು ಪಾಲು ಇವುಗಳ ಕಡೆಗೂ ಹರಿಯಬೇಕೆಂಬುದು ನನ್ನ ಅಭಿಪ್ರಾಯ.

ನೂಲಿನೊಡನೆ ಉಳಿದ ಅಂಟು ಮೈಸೂರಿಗೆ ಹೋಗುತ್ತದೆ. ಅಲ್ಲಿಯ ರೇಷ್ಮೆ ನೇಯ್ಗೆಯ ಕಾರ್ಖಾನೆ ೧೯೧೨ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳಿಂದ ಆರಂಭವಾಯಿತು. ೧೯೮೦ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು, ನರಸೀಪುರದ ಕಾರ್ಖಾನೆಯೂ ಅದೇ ನಿಗಮದ್ದು. ಮೈಸೂರು ರೇಷ್ಮೆಯ ಕ್ರೇಪ್ ಸೀರೆಯ ಗುಟ್ಟು ಅಂಟಿನಲ್ಲಿದೆ. ಹೊಕ್ಕಿನ ನೂಲನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಬಿಗಿಯಾಗಿ ಹುರಿ ಮಾಡುತ್ತಾರೆ. ಅಂಟು ಇರುವ ತನಕ ಹುರಿ ಹಿಡಿದಂತೆ ಇರುತ್ತದೆ. ನೇಯ್ದ ಮ���ಲೆ ಸೋಪಿನ ನೀರಿನಲ್ಲಿ ಕುದಿಸಿ ಅಂಟನ್ನು ತೆಗೆದಾಗ ಹುರಿಗೆ ಬಿಡುಗಡೆಯಾಗುತ್ತದೆ. ಎಡಬಲದ ಹುರಿಗಳು ಬಟ್ಟೆಯನ್ನು ಎಳೆದಾಡಿ ಸಣ್ಣ ಸುಕ್ಕಿನ ಮೃದುವಾದ ಇಳಿವನ್ನು ಕೊಡುತ್ತವೆ. ಹಾಗೆ ತೊಳೆದುಹೋಗುವ ಅಂಟು ಬಹುಕಾಲ ಚರಂಡಿಯ ಪಾಲೇ ಆಗಿತ್ತು. ಅದು ತೇವವನ್ನು ಹಿಡಿದಿಡುವ ಒಳ್ಳೆಯ ಪ್ರೋಟೀನು. ಈಗ ಅದನ್ನು ಬೇರ್ಪಡಿಸಿ ಚರ್ಮದ ಲೇಪಗಳಲ್ಲಿ ಬಳಸುವುದಿದೆ. ಫೈಬ್ರೋಯಿನಾದರೋ ಗಾಯ ಹೊಲಿಯುವ ದಾರವಾಗಿ ವೈದ್ಯರ ಕೈಯಲ್ಲಿ ಹಳೆಯ ಪರಿಚಯ.

ಕೊನೆಯದಾಗಿ, ಸೀರೆ ಮನೆಗೆ ಬಂದ ಮೇಲಿನ ಮಾತು. ರೇಷ್ಮೆಗೆ ಸೋಡಾ ಆಗದು. ಕಟುವಾದ ಕ್ಷಾರ ಸರಪಣಿಯನ್ನೇ ಕಡಿಯುತ್ತದೆ. ನಮ್ಮ ಅಜ್ಜಿಯರ ಅಂಟುವಾಳದ ಕಾಯಿ, ತಣ್ಣೀರು, ನೆರಳು, ಇವು ಮೂರೂ ಸರಿ. ಬಿಸಿಲಿನ ನೇರಳಾತೀತ ಕಿರಣ ರೇಷ್ಮೆಯನ್ನು ಹಳದಿ ಮಾಡುತ್ತದೆ. ಬೆವರಿನ ಉಪ್ಪು ಕೂಡ ಶತ್ರು. ಉಟ್ಟು ಬಿಚ್ಚಿದ ಸೀರೆಯನ್ನು ಗಾಳಿಗೆ ಹರವದೆ ಪೆಟ್ಟಿಗೆಗೆ ಹಾಕಬಾರದು. ಇಸ್ತ್ರಿ ಹದವಾಗಿ ಬೆಚ್ಚಗಿದ್ದರೆ ಸಾಕು.

ಕೊಂಡದ್ದು ರೇಷ್ಮೆಯೇ ಎಂದು ಅನುಮಾನವಿದ್ದರೆ ಒಳಸೆರಗಿನ ಅಂಚಿನಿಂದ ಒಂದೆರಡು ನೂಲು ಎಳೆದು, ಮಕ್ಕಳನ್ನು ದೂರವಿಟ್ಟು, ತಟ್ಟೆಯ ಮೇಲೆ ಬೆಂಕಿಗೆ ಹಿಡಿಯಿರಿ. ಕಾಗದದಂತೆ ಭಗ್ಗನೆ ಉರಿದು ಬೂದಿಯಾದರೆ ಅದು ರೇಯಾನ್, ಮರದ ಸೆಲ್ಯುಲೋಸು. ಕರಗಿ ತೊಟ್ಟಿಕ್ಕಿ, ಆರಿದ ಮೇಲೆ ಗಟ್ಟಿ ಮಣಿಯಾದರೆ ನೈಲಾನೋ ಪಾಲಿಯೆಸ್ಟರೋ. ಅವು ಕಾಯಿಸಿದರೆ ಕರಗುವ ಸರಪಣಿಗಳು. ರೇಷ್ಮೆ ಕರಗುವುದಿಲ್ಲ. ಸುರುಟಿಕೊಂಡು ನಿಧಾನವಾಗಿ ಉರಿಯುತ್ತದೆ, ಬೆಂಕಿಯಿಂದ ತೆಗೆದರೆ ತಾನೇ ಆರುತ್ತದೆ, ಉಳಿದ ಕರಿ ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ. ವಾಸನೆ ಕೂದಲು ಸುಟ್ಟಂತೆ. ಏಕೆಂದರೆ ಕೂದಲೂ ಪ್ರೋಟೀನಿನ ಸರಪಣಿಯೇ.